ಪದ ಬೇಕು (ತುರ್ತು): ಗಿಟಾರಿನ ‘ಟ್ರೆಮೊಲೊ ಬ್ರಿಜ್’

ಅನುವಾದದ ಕೂಲಿ ಬರೆದದ್ದು:

ಎಲ್ಲರಿಗೂ ನಮಸ್ಕಾರ.

ಗೆಳೆಯನೊಬ್ಬ ಬೆಂಗಳೂರಿನ ಕಾಮಾಕ್ಷಿಪಾಳ್ಯದ ಶೆಡ್ಡೊಂದರಲ್ಲಿ ಆರ್ಡರಿನ ಮೇಲೆ ಎಲೆಕ್ಟ್ರಿಕ್ ಗಿಟಾರ್ ಮಾಡಿಕೊಡುತ್ತಾನೆ. ಈ ಸಲದ ಗಿರಾಕಿ ಹಾಸನದ ಆರ್ಕೆಸ್ಟ್ರಾ ಒಂದರಲ್ಲಿ ಬಾರಿಸುವವರು. ‘ಸೆಟ್ಟಿಂಗ್ ಕೆಟ್ಟಾಗಲೆಲ್ಲ ಬೆಂಗಳೂರಿಗೆ ಬರೋಕಾಗಲ್ಲ, ಕನ್ನಡದಲ್ಲಿ ಬರೆದುಕೊಡಿ’ ಅಂದಿದ್ದಾರೆ. 4 ಪುಟದ ಕೈಪಿಡಿ. ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು.

ತಂತಿ, ಬಿರಡೆ, ಮೆಟ್ಟಿಲು, ಶ್ರುತಿ ಎಲ್ಲವನ್ನೂ ವೀಣೆಯಿಂದ ಎತ್ತಿಕೊಂಡೆ. ತಂತಿಗಳನ್ನು ಹೊರುವ ಬ್ರಿಜ್ಜಿಗೆ ಕುದುರೆ ಇದ್ದೇ ಇದೆ. ಸಿಕ್ಕಿಬಿದ್ದದ್ದು ಟ್ರೆಮೊಲೊ ಬ್ರಿಜ್ಜಿನಲ್ಲಿ. ವೀಣೆಯ ಕುದುರೆ ಕೂತಲ್ಲೇ ಕೂತಿರುತ್ತದೆ. ಇದು 2 ಅಥವಾ 6 ಸ್ಕ್ರೂಗಳಿಗೆ ಆತುಕೊಂಡು ಹಿಂದೆ ಮುಂದೆ ವಾಲುತ್ತದೆ. ಮೇಲಿನಿಂದ ತಂತಿಗಳು ಒಂದು ಕಡೆಗೆ ಎಳೆಯುತ್ತವೆ, ಗಿಟಾರಿನ ಬೆನ್ನಿನ ಗುಳಿಯಲ್ಲಿರುವ 3ರಿಂದ 5 ಸ್ಪ್ರಿಂಗುಗಳು ಇನ್ನೊಂದು ಕಡೆಗೆ. ಕೈಯಲ್ಲಿ ಬ್ರಿಜ್ಜಿನ ಕಡ್ಡಿ ಒತ್ತಿದರೆ ಸ್ವರ ಇಳಿಯುತ್ತದೆ, ಬಿಟ್ಟರೆ ಇದ್ದಲ್ಲಿಗೇ ಮರಳಬೇಕು. ಮರಳದಿದ್ದಾಗ ಏನು ಮಾಡಬೇಕು ಅನ್ನುವುದೇ ಕೈಪಿಡಿಯ ಮುಕ್ಕಾಲು ಭಾಗ.

ನನಗೆ ಹೊಳೆದದ್ದು ‘ಕಂಪನಕುದುರೆ’. ನಡೆಯುತ್ತದೆಯೇ?

ಕೇಶಿರಾಜನ ಮನೆಯವ:

ನಡೆಯುವುದಿಲ್ಲ. ಅರಿಸಮಾಸ.

ಹಳೇ ಮೈಸೂರು:

ಸ್ವಾಮಿ, ಪಾಪ ಅವರು ಅವಸರದಲ್ಲಿ ಕೇಳಿದ್ದಾರೆ, ತಾವು ಎರಡು ಮಾತಲ್ಲಿ ಬಾಗಿಲು ಹಾಕಿಬಿಟ್ಟಿರಿ. ಸಂಸ್ಕೃತ ಕನ್ನಡ ಬೆರೆಸಿದ ಸಮಾಸ ತಪ್ಪೆಂದರೂ, ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿಲ್ಲವೇ?

ಕೇಶಿರಾಜನ ಮನೆಯವ:

ಕೊಟ್ಟಿದ್ದಾನೆ. ಕೈಪಿಡಿ ಬಿರುದಾವಳಿಯಲ್ಲ, ಇವರ ಗೆಳೆಯ ಪಂಪನೂ ಅಲ್ಲ. ಸಂಸ್ಕೃತದ ‘ಕಂಪನ’ದ ಬಾಲಕ್ಕೆ ಕನ್ನಡದ ಕುದುರೆ ಕಟ್ಟಿದರೆ ಏನಾಗುತ್ತದೆಂದು ಕೇಶಿರಾಜನಿಗಿಂತ ನಾನೂರು ವರ್ಷ ಮೊದಲೇ ಕವಿರಾಜಮಾರ್ಗ ಹೇಳಿದೆ: ಕುದಿಯುವ ಹಾಲಿಗೆ ಮಜ್ಜಿಗೆ ಬಿದ್ದಂತೆ. ‘ನಡುಗುಗುದುರೆ’ ಅನ್ನಿ. ‘ಕು’ ‘ಗು’ ಆಗುವ ಗಕಾರಾದೇಶ ಮರೆಯಬೇಡಿ.

ತಂತಿ ಮೀಟುವವಳು:

ನಡುಗುಗುದುರೆ! ಚಳಿಜ್ವರ ಬಂದ ಕುದುರೆಯ ಹಾಗಿದೆ.

ಸಮಾಸ ಆಮೇಲೆ ನೋಡಿಕೊಳ್ಳಿ, ಮೊದಲು ಅರ್ಥ ನೋಡಿ. ಇಂಗ್ಲಿಷಿನ ಹೆಸರೇ ತಪ್ಪು. ಟ್ರೆಮೊಲೊ ಅಂದರೆ ಸ್ವರ ಅಲ್ಲೇ ನಿಂತು ದನಿ ಮಾತ್ರ ಜೋರು, ಮೆಲ್ಲಗೆ ಆಗುವುದು. ಮ್ಯಾಂಡೊಲಿನ್‌ನಲ್ಲಿ ಒಂದೇ ಸ್ವರವನ್ನು ಬಿಡದೆ ಮೀಟುವುದಕ್ಕೂ ಅದೇ ಹೆಸರು. ಸ್ವರವೇ ಮೇಲೆ ಕೆಳಗೆ ಆಡಿದರೆ ಅದು ವೈಬ್ರಾಟೊ. ಗಿಟಾರ್ ಕಂಪನಿಯ ಲಿಯೊ ಫೆಂಡರ್ 1954ರಲ್ಲಿ ತಮ್ಮ ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗೆ ಈ ಬ್ರಿಜ್ ಕೂರಿಸಿ ಟ್ರೆಮೊಲೊ ಅಂದುಬಿಟ್ಟರು, 1956ರ ಪೇಟೆಂಟಿನಲ್ಲೂ ಹಾಗೇ ಬರೆದರು. ತಮಾಷೆ ಕೇಳಿ: ಅದೇ ಕಂಪನಿಯ ಆಂಪ್ಲಿಫೈಯರುಗಳಲ್ಲಿ ದನಿಯನ್ನು ಏರಿಳಿಸುವ ಗುಂಡಿಗೆ ‘ವೈಬ್ರಾಟೊ’ ಅಂತ ಹೆಸರು! ಎರಡೂ ಅದಲುಬದಲು. ಅದಕ್ಕೂ ಮೊದಲು ಇಂಥದ್ದೇ ಉಪಕರಣ ಮಾಡಿದ್ದ ಪಾಲ್ ಬಿಗ್ಸ್‌ಬಿ ಸರಿಯಾಗಿ ವೈಬ್ರಾಟೊ ಅಂದಿದ್ದರು, ಆದರೆ ಜನರ ಬಾಯಲ್ಲಿ ಉಳಿದದ್ದು ತಪ್ಪು ಹೆಸರೇ.

ಇವರು ಅನುವಾದ ಮಾಡಬೇಕಾದ್ದು ತಪ್ಪನ್ನೋ, ವಸ್ತುವನ್ನೋ? ವಸ್ತುವನ್ನಾದರೆ ನಮ್ಮಲ್ಲಿ ಸ್ವರವನ್ನು ಆಡಿಸುವ ಗಮಕಗಳೇ ಇವೆಯಲ್ಲ. ‘ಕಂಪಿತ’ ಒಂದು, ‘ಆಂದೋಲಿತ’ ಒಂದು. ‘ಸಂಗೀತರತ್ನಾಕರ’ ಬರೆದ ಶಾರ್ಙ್ಗದೇವ ಎರಡನ್ನೂ ವೇಗದಿಂದ ಬೇರೆ ಮಾಡುತ್ತಾನೆ: ಕಂಪಿತಕ್ಕೆ ಅರ್ಧ ದ್ರುತದ ಕಾಲ, ಆಂದೋಲಿತಕ್ಕೆ ಅದಕ್ಕಿಂತ ನಿಧಾನದ ಲಘು. ಈ ಕಡ್ಡಿಯಿಂದ ಎರಡೂ ಬರುತ್ತವೆ, ಕೈ ಎಷ್ಟು ಬೇಗ ಆಡಿತು ಅನ್ನುವುದರ ಮೇಲೆ.

ಪದಮೂಲ:

ಯಾರೂ ಮುಖ್ಯವಾದದ್ದನ್ನು ಗಮನಿಸಿಲ್ಲ. ‘ಕುದುರೆ’ಯ ಮೂಲ ನೋಡಿ. ತಮಿಳಿನಲ್ಲಿ ಕುದಿ, ನಮ್ಮ ಗುದಿ: ಜಿಗಿಯುವುದು. ಜಿಗಿಯುವುದೇ ಕುದುರೆ! ಅಲುಗಾಟ ಪದದ ಹೊಟ್ಟೆಯಲ್ಲೇ ಇರುವಾಗ ಇನ್ನೊಂದು ವಿಶೇಷಣ ಏಕೆ? ಈ ವಾದವನ್ನು ನಾನು ಹಿಂದೆಯೂ 3 ಸಲ ಇಲ್ಲಿ ಬರೆದಿದ್ದೇನೆ. ಅಲುಗದ ಬ್ರಿಜ್ಜಿಗೇ ಬೇರೆ ಹೆಸರು ಹುಡುಕಬೇಕು.

ತಂತಿ ಮೀಟುವವಳು:

ಅಂದರೆ ಇಷ್ಟು ವರ್ಷ ವೀಣೆಯ ಮೇಲೆ ಕೂತಿದ್ದನ್ನು ಎಬ್ಬಿಸಿ ಕಳಿಸಬೇಕೇ?

ಧಾರವಾಡದಾಂವ:

ಕುದರಿ ನಿಮ್ದಷ್ಟ ಅಲ್ರೀ. ಸಿತಾರ ತಂಬೂರಿಯವ್ರು ಅದನ್ನ ಘೋಡಿ ಅಂತಾರ, ಅದೂ ಕುದರಿನ. ತಮಿಳ್ರು ಕುದಿರೈ, ತೆಲುಗರು ಗುರ್ರಂ. ಫ್ರೆಂಚರು ಪಿಟೀಲಿನ ಬ್ರಿಜ್ಜಿಗೆ ಶೆವಲೆ ಅಂತಾರ, ಅಂದ್ರ ಸಣ್ಣ ಕುದರಿ. ಇಂಗ್ಲಿಷರಿಗೆ ಅದು ಸೇತುವಿ ಆಗಿ ಕಂಡೈತಿ. ಹಿಂಗಾಗಿ ಕುದರಿ ಬಿಡಬ್ಯಾಡ್ರಿ. ಅದರ ಹಿಂದ ಮುಂದ ಏನರ ಹಚ್ಚಿಕೋರಿ.

ಸಾಕುಮಾಡಿ:

ನಿಮಗೆಲ್ಲ ಬೇರೆ ಕೆಲಸ ಇಲ್ಲವೇ? ಟ್ರೆಮೊಲೊ ಅಂತಲೇ ಬರೆಯಿರಿ. ಗಿಟಾರ್ ಕನ್ನಡವೇ? ಸ್ಕ್ರೂ ಕನ್ನಡವೇ? ‘ಫಿಡ್ಲ್’ ಪಿಟೀಲಾಗಿ ಬಂತು, ಪಿಟೀಲು ಚೌಡಯ್ಯನವರ ಹೆಸರಿನ ಮುಂದೆಯೇ ಕೂತಿತು. ಅವರು ಅದಕ್ಕೆ 7 ತಂತಿ ಕಟ್ಟಿದರೇ ಹೊರತು ಹೆಸರು ಬದಲಿಸಲು ಹೋಗಲಿಲ್ಲ. ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾದರು, ಅದರಲ್ಲೇ ಕರ್ನಾಟಕ ಸಂಗೀತ ನುಡಿಸಿದರು. ಅದಕ್ಕೆ ‘ಬಾಗುಗೊಳಲು’ ಅಂತ ಯಾರೂ ಹೆಸರಿಡಲಿಲ್ಲ, ಸದ್ಯ.

ಕೇಶಿರಾಜನ ಮನೆಯವ:

ಪಿಟೀಲು ನಾಲಿಗೆಗೆ ಒಗ್ಗಿ ಬಂದದ್ದು. ತದ್ಭವದ ದಾರಿ ಅದೇ. ಸಂಸ್ಕೃತವನ್ನು ದೂರವಿಟ್ಟ ಕವಿ ಆಂಡಯ್ಯನೂ ತದ್ಭವವನ್ನು ಬಿಟ್ಟಿರಲಿಲ್ಲ. ‘ಟ್ರೆ’ ಎಂದು ಒತ್ತಕ್ಷರದಿಂದ ಶುರುವಾಗುವ ಪದ ಒಗ್ಗಿದ್ದು ಹೇಗೆ? ‘ತೆರಮಲ’ ಎಂದಾದರೂ ಮಾಡಿಕೊಳ್ಳಿ, ಆಗ ಒಪ್ಪುತ್ತೇನೆ.

ಸಾಕುಮಾಡಿ:

ತೆರಮಲ ಅಂದರೆ ಹಾಸನದವರು ಮಾತ್ರೆ ಅಂದುಕೊಳ್ಳುತ್ತಾರೆ. ಟ್ರ್ಯಾಕ್ಟರನ್ನು ಏನು ಮಾಡಿದಿರಿ? ಅದೂ ಒತ್ತಕ್ಷರದಿಂದಲೇ ಶುರು. ಊರೂರಿನ ಹೊಲಕ್ಕೆ ಇಳಿದಿದೆ, ನಿಮ್ಮ ಅಪ್ಪಣೆ ಕೇಳಲಿಲ್ಲ.

ಕೇಶಿರಾಜನ ಮನೆಯವ:

ಹೊಲಕ್ಕೆ ಇಳಿದದ್ದು ‘ಟ್ಯಾಕ್ಟ್ರು’. ಕಿವಿ ಕೊಟ್ಟು ಕೇಳಿ.

ಹಳೇ ಮೈಸೂರು:

ಇದೊಂದು ನಿಜ.

ಅನುವಾದದ ಕೂಲಿ:

ಎಲ್ಲರಿಗೂ ವಂದನೆ. ಗಂಟೆ 3 ಆಯಿತು. ಬೆಳಿಗ್ಗೆ ಶೆಡ್ಡಿಗೇ ಹೋಗಿ ಕೂತೆ. ಪದ ಬೇಕಾದವನು ಕೆಲಸ ನೋಡದೆ ಇಲ್ಲಿ ಕೇಳಿದ್ದು ನನ್ನದೇ ತಪ್ಪು ಅನ್ನಿಸಿತು.

ಗೆಳೆಯ ಬೆನ್ನಿನ ಮುಚ್ಚಳ ತೆಗೆದು ತೋರಿಸಿದ. ಸ್ಪ್ರಿಂಗುಗಳ ಒಂದು ತುದಿ ಬ್ರಿಜ್ಜಿನ ಕೆಳಗಿನ ಲೋಹದ ದಿಮ್ಮಿಗೆ, ಇನ್ನೊಂದು ತುದಿ ಒಂದು ಕೊಕ್ಕೆಪಟ್ಟಿಗೆ ಸಿಕ್ಕಿಸಿದೆ. ಆ ಪಟ್ಟಿಯನ್ನು 2 ಉದ್ದನೆಯ ಸ್ಕ್ರೂಗಳು ಮರಕ್ಕೆ ಹಿಡಿದಿವೆ. (ಇಂಗ್ಲಿಷಿನಲ್ಲಿ ‘ಕ್ಲಾ’ ಅನ್ನುವ ಇದನ್ನು ‘ಪಂಜ’ ಅಂತ ಬರೆದಿದ್ದೆ. ಗೆಳೆಯನ ತಾಯಿ ಓದಿ, ‘ಗಿಟಾರಿನೊಳಗೆ ಯಾರಪ್ಪ ಪಂಜ ಹಚ್ಚೋರು?’ ಅಂದರು. ತೆಗೆದೆ.) ಅವನು ಹಾಕುವ ತೆಳು ತಂತಿ 6ನ್ನೂ ಶ್ರುತಿಗೆ ಏರಿಸಿದರೆ ಒಟ್ಟು ಎಳೆತ ಸುಮಾರು 38 ಕೆಜಿ. ಅಷ್ಟನ್ನೂ ಬೆನ್ನಿನ ಸ್ಪ್ರಿಂಗುಗಳು ತೂಗಬೇಕು. ತಕ್ಕಡಿಯೇ. ಒಂದು ತಂತಿ ಬಿಗಿ ಮಾಡಿದರೆ ಕುದುರೆ ಮುಂದಕ್ಕೆ ವಾಲಿ ಉಳಿದ 5 ತಂತಿ ಸಡಿಲವಾಗುತ್ತವೆ. ಒಂದೇ ಸುತ್ತಿನಲ್ಲಿ ಶ್ರುತಿ ಮುಗಿಯಿತು ಅನ್ನುವ ಮಾತೇ ಇಲ್ಲ.

ಕೆಲಸದ ಹುಡುಗ ಗದಗದವನು. ಅವನ ಪಕ್ಕ 2 ಗಿಟಾರಿದ್ದವು. ಒಂದರ ಬ್ರಿಜ್ ಮರಕ್ಕೆ ಭದ್ರವಾಗಿ ತಿರುಪಿ ಕೂರಿಸಿದ್ದು, ಇನ್ನೊಂದರದ್ದು ಟ್ರೆಮೊಲೊ. ‘ಯಾವುದಕ್ಕೆ ಏನಂತೀಯಪ್ಪ?’ ಅಂದೆ. ತಲೆ ಎತ್ತದೆ ಹೇಳಿದ: ‘ಇದು ಕುಂತ ಕುದರಿ, ಅದು ಆಡೋ ಕುದರಿ.’

ಪದಮೂಲ:

ಆಡುಗುದುರೆ! ಚೆನ್ನಾಗಿದೆ. ಆದರೆ ಆಡು ಎಂದರೆ ಮೇಕೆ. ಮೇಕೆಯೋ ಕುದುರೆಯೋ ಎಂಬ ಶಂಕೆ ಬರುತ್ತದೆ. ‘ಗುದಿ’ಯನ್ನೇ ಇಟ್ಟುಕೊಂಡು—

ಅನುವಾದದ ಕೂಲಿ:

ಸಮಾಸವನ್ನೇ ಮಾಡಿಲ್ಲ ಸರ್. ಎರಡು ಪದ, ನಡುವೆ ಜಾಗ. ಹೀಗೆ ಹಾಕಿದ್ದೇನೆ:

‘ನಿಮ್ಮ ಗಿಟಾರಿನಲ್ಲಿರುವುದು ಆಡುವ ಕುದುರೆ; ಅಂಗಡಿಯಲ್ಲಿ ಟ್ರೆಮೊಲೊ ಎಂದು ಕೇಳಿ. ಮೊದಲು 6 ತಂತಿಗಳನ್ನೂ ಶ್ರುತಿಗೆ ತನ್ನಿ. ಕುದುರೆಯ ಹಿಂಬದಿಯ ಅಂಚು ಮರದಿಂದ 3 ಮಿ.ಮೀ. ಎದ್ದಿರಬೇಕು. ಅದಕ್ಕಿಂತ ಹೆಚ್ಚು ಎದ್ದಿದ್ದರೆ ಕೊಕ್ಕೆಪಟ್ಟಿಯ 2 ಸ್ಕ್ರೂಗಳನ್ನೂ ಅರ್ಧರ್ಧ ಸುತ್ತು ಬಿಗಿ ಮಾಡಿ; ಮರಕ್ಕೆ ಅಂಟಿ ಕೂತಿದ್ದರೆ ಸಡಿಲಿಸಿ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ಅಳೆಯಿರಿ. ಕಡ್ಡಿ ಆಡಿಸಿದ ಮೇಲೆ ಶ್ರುತಿ ಮರಳದಿದ್ದರೆ, ಸ್ಪ್ರಿಂಗಿಗೆ ಕೈ ಹಾಕುವ ಮುಂಚೆ ಬಿರಡೆಗಳ ಬಳಿ ತಂತಿ ಹಾಯುವ ಗೀರುಗಳನ್ನು ನೋಡಿ. ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿರಬಹುದು. ಪೆನ್ಸಿಲಿನ ಸೀಸದ ಪುಡಿ ಸವರಿ.’

ತಂತಿ ಮೀಟುವವಳು:

ಗಮಕ ಎಲ್ಲಿ ಹೋಯಿತು?

ಅನುವಾದದ ಕೂಲಿ:

ಅದು ಬಾರಿಸುವವರ ಕೈಯಲ್ಲಿ ಬರುತ್ತದೆ ಮೇಡಂ. ನಾನು ಬರೆದದ್ದು ಸ್ಕ್ರೂಡ್ರೈವರ್ ಹಿಡಿದವರಿಗೆ.

ಕೇಶಿರಾಜನ ಮನೆಯವ:

ಅರಿಸಮಾಸ ಇಲ್ಲ, ಸರಿ. ‘ಸ್ಪ್ರಿಂಗು’ ಹಾಗೇ ಇದೆಯಲ್ಲ? ‘ಸುರುಳಿ’ ಎನ್ನಬಹುದಿತ್ತು.

ಧಾರವಾಡದಾಂವ:

ಸುರುಳಿ ಅಂದ್ರ ತಂತಿ ಸುರುಳಿನೋ, ಸ್ಪ್ರಿಂಗಿನ ಸುರುಳಿನೋ? ಗಿಟಾರದಾಗ ಎರಡೂ ಅದಾವು. ಬಿಡ್ರಿ. ಆ ಗದಗಿನ ಹುಡುಗಗ ಒಂದು ಚಾ ಕುಡಸ್ರಿ.

ಅನುವಾದದ ಕೂಲಿ:

ಕುಡಿಸಿದೆ. ಕಡತ ಪ್ರೆಸ್ಸಿಗೆ ಹೋಯಿತು.