ಗಿಟಾರಿನ ಕುತ್ತಿಗೆ: ಬೋಲ್ಟ್ ಹಾಕಿದ್ದೋ, ಅಂಟು ಹಾಕಿದ್ದೋ? ಬಳಸಿದವರು ಹೇಳಿ

ಸಾಗರದ ಅಪ್ಪ: ಮಗಳಿಗೆ ಹದಿಮೂರು ವರ್ಷ, ಕೈ ಸಣ್ಣದು. ಉಕ್ಕಿನ ತಂತಿಯ ಗಿಟಾರ್ ಕೊಡಿಸಬೇಕು, 40 ಸಾವಿರದೊಳಗೆ. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದಕ್ಕೆ ಬೋಲ್ಟ್ ಹಾಕಿದ ಕುತ್ತಿಗೆ, ಇನ್ನೊಂದಕ್ಕೆ ಡವ್‌ಟೇಲ್ (ಪಾರಿವಾಳದ ಬಾಲದಾಕಾರದ) ಗೂಡಿಗೆ ಅಂಟಿಸಿದ ಕುತ್ತಿಗೆ. ನಮ್ಮ ಮಳೆಗಾಲ ಗೊತ್ತಲ್ಲ. ಹತ್ತು ವರ್ಷ ಬಾಳಿಕೆ ಬರುವುದು ಯಾವುದು?

ಕಡಲತಡಿ: ಬಾಳಿಕೆಯ ಮಾತು ಎತ್ತಿದಿರಿ, ನನ್ನ ಹೊಟ್ಟೆಯುರಿ ಕೇಳಿ. ಮಂಗಳೂರಿನ ಮನೆ, ಡವ್‌ಟೇಲ್ ಗಿಟಾರ್, 32,000ಕ್ಕೆ ಕೊಂಡದ್ದು. ಹನ್ನೆರಡನೇ ಫ್ರೆಟ್ಟಿನ (ಬೆರಳುಹಲಗೆಯ ಲೋಹದ ಅಡ್ಡಪಟ್ಟಿ) ಮೇಲೆ ದಪ್ಪ ತಂತಿ ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದದ್ದು ವರ್ಷಗಳು ಕಳೆದಂತೆ ನಾಲ್ಕಕ್ಕೆ ಏರಿತು. ಮೊದಲ ರಿಪೇರಿಯವನು ಕುತ್ತಿಗೆಯೊಳಗಿನ ಸರಳನ್ನು, ಅಂದರೆ ಟ್ರಸ್ ರಾಡ್, ತಿರುಗಿಸಿ 800 ತೆಗೆದುಕೊಂಡ. ಎರಡನೆಯವನು ತಂತಿ ಕೂರುವ ಪಟ್ಟಿ, ಸ್ಯಾಡಲ್, ಉಜ್ಜಿ 1,200. ಉಜ್ಜಿ ಉಜ್ಜಿ ಅದು ತನ್ನ ಕೆಳಗಿನ ಮರದ ತುಂಡು, ಬ್ರಿಡ್ಜಿನ ಮಟ್ಟಕ್ಕೇ ಇಳಿದು ನಾದ ಸತ್ತಿತು. ಕೊನೆಗೆ ಬೆಂಗಳೂರಿನ ಒಬ್ಬರು ಫ್ರೆಟ್ಟುಗಳ ಮೇಲೆ ಉಕ್ಕಿನ ಪಟ್ಟಿ ಇಟ್ಟು ತೋರಿಸಿದರು. ಪಟ್ಟಿಯ ತುದಿ ಬ್ರಿಡ್ಜಿನ ಮೇಲಂಚಿಗೆ ಬರಬೇಕು. ನನ್ನದು ಅದರ ಮುಖಕ್ಕೆ ಗುದ್ದುತ್ತಿತ್ತು. ಕುತ್ತಿಗೆಯ ಕೋನವೇ ಹೋಗಿತ್ತು. ಟ್ರಸ್ ರಾಡ್ ಕುತ್ತಿಗೆಯ ಬಾಗನ್ನು ತಿದ್ದುತ್ತದೆಯೇ ಹೊರತು ಕೋನವನ್ನಲ್ಲ ಎಂದು ಆ ಮೊದಲಿನವನು ಹೇಳಲೇ ಇಲ್ಲ.

ಹದಿನೈದನೇ ಫ್ರೆಟ್ ಕಿತ್ತು, ಅಲ್ಲಿ ತೂತು ಕೊರೆದು, ಗೂಡಿಗೆ ಆವಿ ಹಾಯಿಸಿ ಕುತ್ತಿಗೆ ಬಿಚ್ಚಿದರು. ಬುಡವನ್ನು ಕೆತ್ತಿ ಮತ್ತೆ ಅಂಟಿಸಿದರು. 18,000. ಹೊಸ ಸ್ಯಾಡಲ್ 1,500. ಆವಿ ತಗುಲಿ ಬೆಳ್ಳಗಾದ ಪಾಲಿಶಿಗೆ 2,500. ಬಸ್ಸಿನಲ್ಲಿ ಕಳಿಸಿ ತರಿಸಿಕೊಂಡದ್ದಕ್ಕೆ 1,400. ಕೂಡಿಸಿ ನೋಡಿ ಮಾರಾಯರೇ.

ಅಲೆನ್ ಕೀ: ಕೂಡಿಸಿದೆ, 25,400. ಆ ದುಡ್ಡಿಗೆ ಇನ್ನೊಂದು ಗಿಟಾರ್ ಬರುತ್ತಿತ್ತು. ಟೇಲರ್ ಕಂಪನಿ 1999ರಲ್ಲಿ ತಂದ ಕುತ್ತಿಗೆಯಲ್ಲಿ ಅಂಟೇ ಇಲ್ಲ. ಬೋಲ್ಟ್ ಬಿಚ್ಚಿ, ಒಳಗಿನ ತೆಳು ಬಿಲ್ಲೆ ಬದಲಿಸಿದರೆ ಕೋನ ಸರಿಹೋಯಿತು. ನನ್ನದಕ್ಕೆ ಕೆಲಸಗಾರ ತೆಗೆದುಕೊಂಡದ್ದು 3,500, ನಾನು ಕಾಫಿ ಕುಡಿದು ಬರುವಷ್ಟರಲ್ಲಿ ತಂತಿ ಕಟ್ಟುತ್ತಿದ್ದ. ಡವ್‌ಟೇಲ್ ಹೊಗಳುವವರು ರಿಪೇರಿಯ ಬಿಲ್ಲನ್ನೂ ಜೊತೆಗೆ ಹಾಕಲಿ.

ಧಾರವಾಡದ ಮೇಷ್ಟ್ರು: ಬೋಲ್ಟ್ ಎಂದ ಕೂಡಲೇ ಎಲ್ಲವೂ ಕಳಚಿಕೊಂಡು ಬರುತ್ತದೆಯೇ? ಬಹಳಷ್ಟು ಗಿಟಾರುಗಳಲ್ಲಿ ಬುಡಕ್ಕೆ ಬೋಲ್ಟ್, ಆದರೆ ಬೆರಳುಹಲಗೆಯ ತುದಿ ಒಡಲಿನ ಮೇಲ್ಹಲಗೆಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಕಾಯಿಸಿ ಎಬ್ಬಿಸಲೇಬೇಕು. ಇನ್ನು ಕೆಲವು ಅಗ್ಗದವುಗಳಲ್ಲಿ ಹಾಕಿದ ಅಂಟು ಯಾವ ಆವಿಗೂ ಬಿಡುವುದಿಲ್ಲ. ಮಾರ್ಟಿನ್ ಕಂಪನಿ 1985ರವರೆಗೆ ತನ್ನ ಗಿಟಾರುಗಳಿಗೆ ತಿರುಗಿಸುವ ರಾಡನ್ನೇ ಹಾಕಿರಲಿಲ್ಲ, ಒಳಗೆ ಉಕ್ಕಿನ ಸರಳು ಮಾತ್ರ. ಅವು ಇವತ್ತಿಗೂ ನುಡಿಯುತ್ತಿವೆ. ಶಿಷ್ಯರ ಬೋಲ್ಟ್ ಗಿಟಾರುಗಳ ಗಟ್ಟಿತನ ನಾನು ಬಲ್ಲೆ, ನಾದವನ್ನೂ ಬಲ್ಲೆ.

ಅಲೆನ್ ಕೀ: ನುಡಿಯುತ್ತಿವೆ, ಏಕೆಂದರೆ ಎಷ್ಟೋ ಗಿಟಾರುಗಳ ಕುತ್ತಿಗೆಯನ್ನು ಒಮ್ಮೆಯಾದರೂ ಬಿಚ್ಚಿ ಕೂರಿಸಿದ್ದಾರೆ. ನಾದದ ಮಾತು ಬೇಡ ಮೇಷ್ಟ್ರೇ. ಕಣ್ಣು ಕಟ್ಟಿಕೊಂಡು ಹೇಳಿ ನೋಡೋಣ, ಯಾವುದು ಬೋಲ್ಟಿನದು ಎಂದು.

ಧಾರವಾಡದ ಮೇಷ್ಟ್ರು: ಮನೆಗೆ ಬನ್ನಿ, ಹೇಳುತ್ತೇನೆ. ಬರುವಾಗ ಆ ಕಾಫಿ ಕುಡಿಸಿದ ಕೆಲಸಗಾರನನ್ನೂ ಕರೆದುಕೊಂಡು ಬನ್ನಿ.

ಜರ್ಸಿ ಕನ್ನಡಿಗ: ಇಬ್ಬರೂ ಜೋಡಣೆಗೆ ಜಗಳವಾಡುತ್ತಿದ್ದೀರಿ, ಕೆಡಿಸುವುದು ಹವೆ. ಇಲ್ಲಿ ನ್ಯೂಜರ್ಸಿಯಲ್ಲಿ ಚಳಿಗಾಲಕ್ಕೆ ಹೀಟರ್ ಹಾಕಿದರೆ ಮನೆಯೊಳಗಿನ ತೇವಾಂಶ ಶೇ. 25ಕ್ಕಿಂತ ಕೆಳಗಿಳಿಯುತ್ತದೆ. ಗಿಟಾರಿಗೆ ಬೇಕಾದದ್ದು 45ರಿಂದ 55. ಮೇಲ್ಹಲಗೆ ಕುಸಿಯಿತು, ಬೆರಳುಹಲಗೆ ಒಣಗಿ ಕುಗ್ಗಿತು, ಫ್ರೆಟ್ಟುಗಳ ತುದಿ ಹೊರಚಾಚಿ ಅಂಗೈಗೆ ಗೀರು ಬಿತ್ತು. ತುದಿ ಉಜ್ಜಿಸಿದ್ದಕ್ಕೆ 90 ಡಾಲರ್, ಸೆಟಪ್ಪಿಗೆ (ತಂತಿಯ ಎತ್ತರ ಹೊಂದಿಸಲು) 75, ತೇವಾಂಶದ ಪೊಟ್ಟಣಗಳಿಗೆ ಪ್ರತಿ ಚಳಿಗಾಲ 40. ಮಲೆನಾಡಿನಲ್ಲಿ ಇದರ ತಿರುವುಮುರುವು. ಮಳೆಗೆ ಮೇಲ್ಹಲಗೆ ಉಬ್ಬಿ ತಂತಿ ಮೇಲೇಳುತ್ತದೆ, ದೀಪಾವಳಿ ಕಳೆದರೆ ಎಷ್ಟೋ ತಾನಾಗಿ ಇಳಿಯುತ್ತದೆ. ಕಡಲತಡಿಯವರು ಆಟಿಯ ಮಳೆಯಲ್ಲಿ ಅಳೆದು ಗಾಬರಿಯಾಗಿ ದುಡ್ಡು ಸುರಿದರೋ ಏನೋ.

ಕಡಲತಡಿ: ಮಾರ್ಚಿನಲ್ಲಿ ಅಳೆದದ್ದು! ಜೂನ್, ಜುಲೈಗಳಲ್ಲಿ ನಾಲ್ಕೂವರೆ ಇತ್ತು, ಅದನ್ನು ಬರೆಯಲಿಲ್ಲ ಅಷ್ಟೇ. ಡಾಲರಿನಲ್ಲಿ ಕೂತು ನಮ್ಮ ಆಟಿಯ ಲೆಕ್ಕ ಹೇಳಬೇಡಿ.

ಸಾಗರದ ಅಪ್ಪ: ಎಲ್ಲರಿಗೂ ನಮಸ್ಕಾರ. ಕೈ ಸಣ್ಣದು ಎಂದಿದ್ದೆ. ನಟ್ಟಿನ (ತಲೆಯ ಕಡೆ ತಂತಿ ಹಾಯುವ ಪಟ್ಟಿ) ಬಳಿ ಒಂದರ ಕುತ್ತಿಗೆಯ ಅಗಲ 43 ಮಿ.ಮೀ., ಇನ್ನೊಂದರದು 44.5. ಇದಕ್ಕೂ ಏನಾದರೂ ಹೇಳುತ್ತೀರಾ?

ಧಾರವಾಡದ ಮೇಷ್ಟ್ರು: 43. ಅಗಲಕ್ಕಿಂತ ಕುತ್ತಿಗೆಯ ದಪ್ಪ ಹಿಡಿದು ನೋಡಲಿ, ಹೆಬ್ಬೆರಳು ಆಯಾಸಪಡಬಾರದು. ಅಲೆನ್ ಕೀಯವರೇ, ಭಾನುವಾರ ಬಿಡುವಾಗಿದ್ದೇನೆ.

ಮೈಸೂರಿನ ವೀಣೆ: ಈ ಟ್ರಸ್ ರಾಡು, ಬಿಲ್ಲೆಗಳೆಲ್ಲ ನೋಡಿದರೆ ನಗು ಬರುತ್ತದೆ. ವೀಣೆಯ ದಂಡಿಯೊಳಗೆ, ಅಂದರೆ ಕುತ್ತಿಗೆಯೊಳಗೆ, ಯಾವ ಕಬ್ಬಿಣವೂ ಇಲ್ಲ, ಹಲಸಿನ ಮರ ಅಷ್ಟೇ. ಇಪ್ಪತ್ನಾಲ್ಕು ಮೆಟ್ಟಿಲುಗಳೂ (ನಿಮ್ಮ ಫ್ರೆಟ್ಟುಗಳು) ಮೇಣದಲ್ಲಿ ಕೂತಿರುತ್ತವೆ. ಸ್ವರ ಜಾರಿದರೆ ಮೇಳ ಕಟ್ಟಿಸುತ್ತೇವೆ, ಅಂದರೆ ಮೆಟ್ಟಿಲುಗಳನ್ನು ಮೇಣದಲ್ಲಿ ಮತ್ತೆ ಕೂರಿಸುತ್ತೇವೆ. ಮರವನ್ನು ಬೈಯುವುದಿಲ್ಲ.

ಜರ್ಸಿ ಕನ್ನಡಿಗ: ಒಂದು ವೀಣೆ ಇಲ್ಲಿಗೂ ಬಂದಿದೆ ಅಮ್ಮಾ, ನನ್ನ ಹೆಂಡತಿಯದು. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಮೇಣ ಕರಗಿ ಸಂಕ್ರಾಂತಿಯ ಎಳ್ಳುಬೆಲ್ಲದ ಹಾಗೆ ಮೆಟ್ಟಿಲೆಲ್ಲ ಕಲಸಿಹೋಯಿತು. ಮೇಳ ಕಟ್ಟುವವರು ಈ ದೇಶದಲ್ಲಿ ಹುಡುಕಿದರೂ ಸಿಗಲಿಲ್ಲ, ವಿಮಾನದಲ್ಲಿ ಊರಿಗೇ ಹೋಯಿತು.

ಮೈಸೂರಿನ ವೀಣೆ: ಡಿಕ್ಕಿಯಲ್ಲಿಟ್ಟವರು ಯಾರು? ಗಿಟಾರಿಗೆ ಪೊಟ್ಟಣ ಕೊಳ್ಳುವ ಮನೆಯಲ್ಲಿ ವೀಣೆಗೆ ಡಿಕ್ಕಿಯೇ?

ಕಡಲತಡಿ: ಬೈಗುಳ ಆಮೇಲೆ ಅಮ್ಮಾ. ನಾವೆಲ್ಲ ಪೈಸೆ ಪೈಸೆ ಬರೆದಿದ್ದೇವೆ. ಮೇಳ ಕಟ್ಟಿಸಲು ಈಗ ಎಷ್ಟು ಕೇಳುತ್ತಾರೆ, ಎಷ್ಟು ವರ್ಷಕ್ಕೊಮ್ಮೆ, ಅದನ್ನೂ ಬರೆಯಿರಿ.