ಸೌದೆ ಒಲೆಯ ‘ಏರ್ ಕಂಟ್ರೋಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ಸಹಾಯ ಬೇಕು. ಮುಚ್ಚಿದ ಸೌದೆ ಒಲೆಯಲ್ಲಿ ಗಾಳಿಯನ್ನು ಹೆಚ್ಚು ಕಡಿಮೆ ಮಾಡಲು ಒಂದು ಹಿಡಿ ಇರುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನಂತಾರೆ? ‘ಗಾಳಿ ನಿಯಂತ್ರಣ’ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಆ ಪದ ಬಳಸಿ ಒಂದು ಮನೆಯಲ್ಲಿ ಹೊಗೆ ತುಂಬಿಸಿದ್ದೇನೆ.

ಮೂಡಿಗೆರೆ ಹತ್ತಿರ ನನ್ನ ಅತ್ತಿಗೆ ಹೋಮ್‌ಸ್ಟೇ ನಡೆಸುತ್ತಾರೆ. ಮನೆಯ ಹಾಲ್‌ನಲ್ಲಿ ಗಾಜಿನ ಬಾಗಿಲಿನ ಬೀಡುಕಬ್ಬಿಣದ ಒಲೆ ಇದೆ. ಡಿಸೆಂಬರ್ ಚಳಿಗೆ ಬರುವವರಿಗೆ ಅದೇ ಬೇಕು. ಒಲೆ ನೋಡಿಕೊಳ್ಳುವ ಅಕ್ಕ ಕನ್ನಡ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಒಲೆಯ ಜತೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಅದಕ್ಕೆ ನಾನು ಒಂದು ಕಾರ್ಡ್ ಬರೆದು ಗೋಡೆಗೆ ಅಂಟಿಸಿದೆ. ಮೊದಲ ಸಾಲೇ ಹೀಗಿತ್ತು: ‘ಬೆಂಕಿ ಹೊತ್ತಿಸುವಾಗ ಗಾಳಿ ನಿಯಂತ್ರಣವನ್ನು ಪೂರ್ತಿ ಹೆಚ್ಚಿಸಿ.’

ಮರುದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು. ಹಾಲ್ ತುಂಬ ಹೊಗೆ, ಗಾಜು ಕಪ್ಪು, ಬೆಂಕಿ ಏಳುತ್ತಲೇ ಇಲ್ಲ. ಹಿಡಿ ಎಲ್ಲಿದೆ ಅಂತ ಕೇಳಿದೆ. ಪೂರ್ತಿ ಒಳಗೆ ತಳ್ಳಿದ್ದರು. ಅಂದರೆ ಗಾಳಿ ಪೂರ್ತಿ ಬಂದ್.

“ನಿಯಂತ್ರಣ ಜಾಸ್ತಿ ಮಾಡಿ ಅಂತ ನೀವೇ ಬರ್ದಿದೀರಲ್ಲ ಅಣ್ಣ, ಅದ್ಕೇ ಗಾಳಿ ಬಿಗಿ ಮಾಡ್ದೆ.”

ಅವರು ಓದಿದ್ದೇ ಸರಿ. ಬೆಲೆ ನಿಯಂತ್ರಣ, ಜನಸಂಖ್ಯೆ ನಿಯಂತ್ರಣ, ಸೊಳ್ಳೆ ನಿಯಂತ್ರಣ ಅಂತೀವಿ. ಕನ್ನಡದಲ್ಲಿ ನಿಯಂತ್ರಣ ಅಂದರೆ ಹಿಡಿತದಲ್ಲಿಡುವುದು, ತಡೆಯುವುದು. ಸೊಳ್ಳೆ ನಿಯಂತ್ರಣ ಹೆಚ್ಚಿಸಿದರೆ ಸೊಳ್ಳೆ ಕಡಿಮೆಯಾಗಬೇಕು. ಹಾಗಾದರೆ ಗಾಳಿ ನಿಯಂತ್ರಣ ಹೆಚ್ಚಿಸಿದರೆ ಗಾಳಿಯೂ ಕಡಿಮೆಯಾಗಬೇಕು, ಅಲ್ವಾ? ಇಂಗ್ಲಿಷಿನ ‘ಕಂಟ್ರೋಲ್’ ಎಂಬುದು ಆ ಹಿಡಿಯ ಹೆಸರೂ ಆಗುತ್ತದೆ, ತಡೆಯುವ ಕೆಲಸವೂ ಆಗುತ್ತದೆ. ನಮ್ಮ ‘ನಿಯಂತ್ರಣ’ ಬರೀ ಕೆಲಸ, ವಸ್ತುವಲ್ಲ. ಈ ವ್ಯತ್ಯಾಸ ನನಗೆ ಮೊದಲೇ ಹೊಳೆಯಬೇಕಿತ್ತು.

ಆ ಭಾನುವಾರ ಹೋಗಿ ನೋಡಿದೆ. ತಪ್ಪು ಪದದ್ದೊಂದೇ ಆಗಿರಲಿಲ್ಲ. ಮೇ ತಿಂಗಳ ಮರಗಸಿಯಲ್ಲಿ, ಅಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಸಿಕ್ಕ ಸಿಲ್ವರ್ ಓಕ್ ಸೌದೆ ಮಳೆಗಾಲವಿಡೀ ನೆನೆದಿತ್ತು. ಒಲೆಗೆ ಇಟ್ಟರೆ ತುದಿಯಲ್ಲಿ ನೊರೆ ಬಂದು ಸುಂಯ್ ಅನ್ನುತ್ತಿತ್ತು. ಬಾಗಿಲಿನ ಅಂಚಿಗೆ ಒಂದು ದಪ್ಪ ಹಗ್ಗ ಇರುತ್ತದೆ, ಶಾಖ ತಡೆಯುವ ನಾರಿನದು. ಅದು ಸವೆದರೆ ಸಂದಿಯಿಂದ ಗಾಳಿ ನುಗ್ಗುತ್ತದೆ, ಆಮೇಲೆ ಹಿಡಿ ಎಳೆದರೂ ಒಂದೇ, ತಳ್ಳಿದರೂ ಒಂದೇ. ಇದನ್ನು ನೋಡುವುದು ಸುಲಭ. ಒಲೆ ತಣ್ಣಗಿರುವಾಗ ಒಂದು ಕಾಗದದ ಚೂರನ್ನು ಬಾಗಿಲಿನಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಹಗ್ಗ ಸರಿಯಿದೆ. ನಮ್ಮಲ್ಲಿ ಕೀಲಿನ ಕಡೆ ಬಿಗಿ ಇತ್ತು, ಚಿಲಕದ ಕಡೆ ಕಾಗದ ಸಲೀಸಾಗಿ ಜಾರಿ ಬಂತು. ಹೊಸ ಹಗ್ಗ ಅಂಟಿಸಿದ್ದಾಯಿತು. ಸೌದೆಯನ್ನು ಸೀಳಿ ಸೂರಿನಡಿ ಒಟ್ಟಿದ್ದಾಯಿತು. ಉಳಿದದ್ದು ಪದ.

ನಿಜಕ್ಕೂ ಬೇಕಿರುವುದು ಒಂದಲ್ಲ, ಮೂರು ಹೆಸರು. ಆ ಒಲೆಯಲ್ಲಿ ಕೆಳಗೊಂದು ಕಿಂಡಿ ಇದೆ. ಅದರ ಗಾಳಿ ಜಾಲರಿಯ ಮೂಲಕ ಸೌದೆಯ ಬುಡಕ್ಕೆ ಹೋಗುತ್ತದೆ, ಹೊತ್ತಿಸುವಾಗ ಮುಖ್ಯ. ಮೇಲೆ ಇನ್ನೊಂದು ಕಿಂಡಿ. ಅದರ ಗಾಳಿ ಗಾಜಿನ ಒಳಮೈಯನ್ನು ಸವರಿಕೊಂಡು ಇಳಿಯುತ್ತದೆ, ಹೊಗೆಯನ್ನೂ ಉರಿಸುತ್ತದೆ, ಗಾಜಿಗೆ ಮಸಿ ಹಿಡಿಯದಂತೆ ನೋಡಿಕೊಳ್ಳುತ್ತದೆ. ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಕೆಳಗಿನದನ್ನು ಮುಚ್ಚಿ ಮೇಲಿನದರಲ್ಲೇ ಉರಿಯನ್ನು ಸಂಭಾಳಿಸಬೇಕು. ಮೂರನೆಯದು ಹೊಗೆಕೊಳವೆಯೊಳಗೆ ತಿರುಗುವ ತಟ್ಟೆ, ಇಂಗ್ಲಿಷಿನ ‘ಡ್ಯಾಂಪರ್’. ಅದನ್ನು ಕೇಳಿದವರು ತೇವಕ್ಕೆ ಸಂಬಂಧಿಸಿದ್ದು ಅಂದುಕೊಳ್ಳುತ್ತಾರೆ. ‘ಡ್ಯಾಂಪ್’ಗೆ ಮೊದಲಿದ್ದ ಅರ್ಥ ಕೆಟ್ಟ ಹೊಗೆ, ಆವಿ. ಕ್ರಿಯಾಪದವಾದಾಗ ಉಸಿರು ಕಟ್ಟಿಸು. ಒದ್ದೆ ಅನ್ನುವ ಅರ್ಥ ಆಮೇಲೆ ಬಂದದ್ದು. ಬೆಂಕಿಯ ಉಸಿರು ಹಿಡಿಯುವ ತಟ್ಟೆ, ಅಷ್ಟೇ. ಕೆಂಡ ಇರುವ ತನಕ ಇದನ್ನು ಪೂರ್ತಿ ಮುಚ್ಚಲೇಬಾರದು. ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಬರುತ್ತದೆ, ಜೀವ ತೆಗೆಯುತ್ತದೆ. ಹಾಗಾಗಿ ಈ ಪದದಲ್ಲಿ ಗೊಂದಲ ಉಳಿಯಬಾರದು.

ನಮ್ಮಲ್ಲಿ ಇದಕ್ಕೆ ಪದ ಯಾಕಿಲ್ಲ ಅಂತ ಯೋಚಿಸಿದೆ. ನಮ್ಮ ಒಲೆಯ ಬಾಯಿ ಸದಾ ತೆರೆದೇ ಇರುತ್ತದೆ. ಉರಿ ಹೆಚ್ಚು ಕಡಿಮೆ ಮಾಡುವುದು ಸೌದೆಯಿಂದ, ಗಾಳಿಯಿಂದಲ್ಲ. ಸೌದೆ ಮುಂದೆ ನೂಕು, ಕೊಳ್ಳಿ ಹಿಂದಕ್ಕೆ ಎಳಿ, ಕೆಂಡ ಕೆದಕು, ಉರಿ ಸಣ್ಣ ಮಾಡು: ಮಾತೆಲ್ಲ ಸೌದೆ ಮತ್ತು ಕೆಂಡದ ಸುತ್ತಲೇ. ಗಾಳಿ ಕೊಡುವುದಕ್ಕೆ ಊದುಕೊಳವೆ ಇದೆ, ಕಮ್ಮಾರನ ಕುಲುಮೆಗೆ ತಿದಿ ಇದೆ. ಗಾಳಿ ತೆಗೆಯುವುದಕ್ಕೆ?

ಅದಕ್ಕೂ ಒಂದು ಉಪಾಯ ಇದ್ದೇ ಇತ್ತು: ಬೂದಿ. ರಾತ್ರಿ ನಮ್ಮಜ್ಜಿ ಕೆಂಡವನ್ನೆಲ್ಲ ಒಟ್ಟು ಮಾಡಿ ಮೇಲೆ ಬೂದಿ ಎಳೆಯುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ, ಎರಡು ತರಗೆಲೆ ಇಟ್ಟು ಊದಿದರೆ ಬೆಂಕಿ. ಗಾಳಿ ಸಿಗದೆ ಕೆಂಡ ನಿಧಾನಕ್ಕೆ ಉರಿಯುತ್ತಾ ರಾತ್ರಿ ದೂಡುತ್ತಿತ್ತು. ‘ಬೂದಿ ಮುಚ್ಚಿದ ಕೆಂಡ’ ಅಂತ ನಾವು ಮನಸ್ಸಿನ ಸಿಟ್ಟಿಗೆ ಹೇಳುವ ಮಾತು ಒಂದು ಕಾಲಕ್ಕೆ ಅಡುಗೆಮನೆಯ ದಿನದ ಕೆಲಸ. ಅಕ್ಕನಿಗೆ ಮೇಲಿನ ಹಿಡಿಯನ್ನು ಮುಕ್ಕಾಲು ಭಾಗ ತಳ್ಳುವುದನ್ನು ವಿವರಿಸುವಾಗ “ಕೆಂಡಕ್ಕೆ ಬೂದಿ ಎಳೆದ ಹಾಗೆ” ಅಂದೆ. ಮತ್ತೆ ಹೇಳಬೇಕಾಗಲಿಲ್ಲ.

ನನ್ನ ಮನಸ್ಸಿಗೆ ಬಂದಿರುವ ಪದಗಳನ್ನು ಹೇಳುತ್ತೇನೆ. ‘ಗಾಳಿಕಿಂಡಿ’ ಚೆನ್ನಾಗಿದೆ, ಆದರೆ ಅದು ತೂತಿನ ಹೆಸರು, ಹಿಡಿಯದಲ್ಲ. ಮೇಲಾಗಿ ಗೋಡೆಯ ಗಾಳಿಕಿಂಡಿ ಬೇರೆ ಇದೆ. ‘ಗಾಳಿತಡೆ’ ಅಂದರೆ ಮತ್ತೆ ನಿಯಂತ್ರಣದ ಕಥೆಯೇ. ನನಗೆ ಹಿಡಿಸಿದ್ದು ‘ತೂಬು’. ಕೆರೆಯ ತೂಬು ಎತ್ತಿದರೆ ನೀರು ಬರುತ್ತದೆ, ಇಳಿಸಿದರೆ ನಿಲ್ಲುತ್ತದೆ, ಅರ್ಧ ಎತ್ತಿದರೆ ಅರ್ಧ. ತೆರೆಯುವುದು, ಮುಚ್ಚುವುದು ಎರಡೂ ಆ ಒಂದೇ ಪದದಲ್ಲಿ ಸರಿಯಾಗಿ ಕೂರುತ್ತವೆ. ಕೆಳತೂಬು, ಮೇಲ್ತೂಬು, ಹೊಗೆತೂಬು. ಆದರೆ ನಮ್ಮ ಮನೆಯಲ್ಲಿ ಬಚ್ಚಲ ನೀರು ಹೋಗುವ ತೂತಿಗೂ ತೂಬು ಅಂತಲೇ ಅನ್ನುತ್ತೇವೆ. ನೀರಿನ ಪದವನ್ನು ಬೆಂಕಿಗೆ ತಂದರೆ ಕಿವಿಗೆ ಒಗ್ಗುತ್ತದಾ?

ಅಕ್ಕನೇ ಬಳಸುವ ಮಾತು ಬೇರೆ. ಕಿಂಡಿಗಳಿಗೆ ‘ಗಾಳಿ ಬಿಡೋದು’ ಅಂತಾರೆ, ಕೊಳವೆಯ ತಟ್ಟೆಗೆ ‘ಹೊಗೆ ಹಿಡಿಯೋದು’. ಯಾವುದು ಬರುವುದು, ಯಾವುದು ಹೋಗುವುದು ಅನ್ನುವುದು ಅದರಲ್ಲೇ ಸ್ಪಷ್ಟ.

ಇಲ್ಲಿರುವ ಕೆಲವರು ‘ಅಸ್ತ್ರ ಒಲೆ’ ಬಳಸಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ವಿಭಾಗ ರೂಪಿಸಿದ, ಮೂರು ಪಾತ್ರೆ ಇಡುವ ಹೊಗೆಕೊಳವೆಯ ಒಲೆ. ‘ಅಸ್ತ್ರ’ ಅನ್ನುವುದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು, ಆದರೂ ಹಳ್ಳಿಯವರ ಬಾಯಿಗೆ ಸಲೀಸಾಗಿ ಹತ್ತಿತು. ಆ ಒಲೆಯಲ್ಲಿ ಗಾಳಿ ಹೋಗುವ ಜಾಗಕ್ಕೆ, ಜಾಲರಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಿದ್ದರು? ಅಡಿಕೆ ಬೇಯಿಸುವ ಒಲೆ, ಆಲೆಮನೆ ಒಲೆ, ಕುಂಬಾರರ ಆವಿಗೆ ಇವುಗಳಲ್ಲಿ ಗಾಳಿಯ ಬಾಯಿ ಮುಚ್ಚಿ ತೆರೆಯುವುದಕ್ಕೆ ಮಾತು ಇದೆಯಾ? ಒಲೆ ಹೊಗೆಯನ್ನು ಚೆನ್ನಾಗಿ ಮೇಲಕ್ಕೆ ಎಳೆಯುವುದಕ್ಕೆ ‘ಎಳೆತ’ ಅಂತ ಬರೆದಿದ್ದೇನೆ, ಅದಕ್ಕಿಂತ ಒಳ್ಳೆಯದು ಇದ್ದರೆ ಅದನ್ನೂ ಹೇಳಿ. ಕೊಳವೆಯೊಳಗೆ ಡಾಂಬರಿನ ಹಾಗೆ ಅಂಟುವ ಮಸಿಗೆ ‘ಇಲ್ಲಣ’ ಅನ್ನಬಹುದಾ, ಅಥವಾ ಅದು ಸೂರಿನಿಂದ ಜೋತುಬೀಳುವ ಒಣ ಮಸಿ ಮಾತ್ರವಾ?

ಸದ್ಯಕ್ಕೆ ಕಾರ್ಡಿನಲ್ಲಿ ‘ಗಾಳಿ ನಿಯಂತ್ರಣ’ದ ಮೇಲೆ ಬಿಳಿ ಕಾಗದ ಅಂಟಿಸಿ, ‘ಗಾಳಿ ಬಿಡಿ: ಹಿಡಿ ನಿಮ್ಮ ಕಡೆಗೆ’ ಅಂತ ಬರೆದಿದ್ದೇನೆ. ಜನವರಿ ಮೊದಲ ವಾರ ಹೊಸ ಕಾರ್ಡ್ ಅಂಟಿಸಬೇಕು. ಅಷ್ಟರೊಳಗೆ ನಿಮ್ಮ ಊರಿನ ಪದ ತಿಳಿಸಿ, ಊರಿನ ಹೆಸರಿನ ಜತೆ.