ಟ್ಯಾಂಕ್ ಥಳಥಳ ಅಂತಿದೆ, ಗಪ್ಪಿ ಮಾತ್ರ ಸಾಯ್ತಾ ಇವೆ

ಎರಡನೇ ಮಹಡಿ, ವಿದ್ಯಾರಣ್ಯಪುರ:

ನಮಸ್ಕಾರ. ಮಗಳ ಹುಟ್ಟುಹಬ್ಬಕ್ಕೆ ಎರಡಡಿ ಮೀನಿನ ಟ್ಯಾಂಕ್ ತಂದೆವು, ಸುಮಾರು 60 ಲೀಟರ್ ಹಿಡಿಯುತ್ತೆ. ತಂದ ದಿನವೇ ನೀರು ತುಂಬಿಸಿ ಸಂಜೆಗೆ 14 ಗಪ್ಪಿ, 4 ಜೀಬ್ರಾ, ಗಾಜು ನೆಕ್ಕಲಿ ಅಂತ ಒಂದು ಸಕ್ಕರ್ ಬಿಟ್ಟೆವು. ಮೂರನೇ ದಿನದಿಂದ ಸಾವು ಶುರು. ಇವತ್ತಿಗೆ 22 ದಿನ, 11 ಗಪ್ಪಿ ಹೋದವು. ಸಾಯೋ ಮುಂಚೆ ಮೇಲೆ ಬಂದು ಬಾಯಿ ಪಟಪಟ ಬಡಿಯುತ್ತವೆ. ಬಣ್ಣದ ಗಂಡುಗಳೆಲ್ಲ ಹೋಗಿ ಈಗ ಉಳಿದಿರೋದು ಮೂರು ಹೆಣ್ಣು.

ಕ್ಲೀನಿಂಗ್‌ನಲ್ಲಿ ಏನೂ ಕಮ್ಮಿ ಮಾಡಿಲ್ಲ. ಪ್ರತಿ ಭಾನುವಾರ ಎಲ್ಲಾ ನೀರು ತೆಗೆದು, ಕಲ್ಲು ಉಜ್ಜಿ, ಫಿಲ್ಟರ್ ಸ್ಪಂಜನ್ನ ನಲ್ಲಿ ಕೆಳಗೆ ಹಿಂಡಿ ಬೆಳ್ಳಗೆ ಮಾಡಿ ಹಾಕ್ತೀನಿ. ಅಂಗಡಿಯವರು ಮೊದಲು ಕಲ್ಲುಪ್ಪು ಹಾಕಿ ಅಂದ್ರು, ಆಮೇಲೆ ನೀಲಿ ಔಷಧಿ ಕೊಟ್ರು. ಈಗ ಟ್ಯಾಂಕಿನ ಸಿಲಿಕೋನ್ ಅಂಚೆಲ್ಲ ನೀಲಿ. ನಮ್ಮ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಸೇರಿರುತ್ತೆ. ಕುಡಿಯೋ ಆರ್‌ಒ ನೀರೇ ಹಾಕಿಬಿಡಲಾ?

ಇನ್ನೊಂದು. ಮೊನ್ನೆ ಬೆಳಗ್ಗೆ ರೆಪ್ಪೆಕೂದಲಿನಷ್ಟು ಉದ್ದದ ಮರಿ ಏಳೋ ಎಂಟೋ ಕಂಡವು. ಮಗಳು ಸ್ಕೂಲಿಂದ ಬರೋಷ್ಟರಲ್ಲಿ ಒಂದೂ ಇಲ್ಲ. ರಾತ್ರಿ ಊಟ ಬೇಡ ಅಂದಳು.

ಬೆಟ್ಟಾ ಭಕ್ತ:

ಬಾಯಿ ಬಡಿಯುತ್ತವೆ ಅಂದ್ರೆ ಆಕ್ಸಿಜನ್ ಕಮ್ಮಿ. ದೊಡ್ಡ ಏರ್ ಪಂಪ್ ಹಾಕಿ, ಸರಿಹೋಗುತ್ತೆ.

ಸಪ್ತಾಪುರದ ಗೋಲಿ:

ಅಕ್ಕಾರ, ಪಂಪ್ ದೊಡ್ಡದು ಹಾಕಿದ್ರ ಕೆಟ್ಟದ್ದೇನಿಲ್ಲ, ಆದ್ರ ರೋಗ ಅದಲ್ಲ. ವಾರಕ್ಕೊಮ್ಮೆ ನೀವು ಟ್ಯಾಂಕಿನ ಜೀವಾನ ಹಿಂಡಿ ಗಟಾರಕ್ಕ ಬಿಡಾಕತ್ತೀರಿ.

ನಾ ಧಾರವಾಡದಾಗ ಹೈಸ್ಕೂಲ್ ಲ್ಯಾಬಿನಾಗ 28 ವರ್ಷ ದುಡದು ರಿಟೈರ್ ಆದಾಂವ. ಬಾಟ್ಲಿ ತೊಳಿಯೂದರಾಗ ನನ್ನ ಮೀರ್ಸಾವ್ರು ಯಾರೂ ಇರಲಿಲ್ಲ. ಅದ ಚಟ ಮನಿ ಟ್ಯಾಂಕಿಗೂ ತಂದೆ. ಮೊದಲನೇ ವರ್ಷ ನಾ ಕೊಂದ ಮೀನಿನ ಲೆಕ್ಕ ಇಲ್ಲೆ ಹೇಳಾಂಗಿಲ್ಲ, ನಮ್ಮಾಕಿ ಇದನ್ನ ಓದತಾಳ.

ಮೀನಿನ ಕಿವಿರಿನಿಂದ, ಹೊಲಸಿನಿಂದ, ತಿಂದು ಉಳದ ಕಾಳಿನಿಂದ ನೀರಿಗೆ ಅಮೋನಿಯಾ ಬರತೈತಿ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ತಿಂದು ನೈಟ್ರೈಟ್ ಮಾಡತಾವು, ಅದೂ ವಿಷಾನ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡತಾವು. ನೈಟ್ರೇಟ್ ಒಂದೀಟ ಇದ್ರ ಮೀನು ತಾಳತಾವು, ಗಿಡಕ್ಕಂತೂ ಗೊಬ್ಬರ. ಈ ಸಂಸಾರ ಹೂಡಾಕ ನಾಕರಿಂದ ಆರು ವಾರ ಹಿಡಿತೈತಿ. ಮನಿ ಎಲ್ಲೆ ಮಾಡತಾವು? ಆ ಕಂದು ಸ್ಪಂಜಿನಾಗ, ಕಲ್ಲಿನ ಜಿಡ್ಡಿನಾಗ. ನೀವು ಬೆಳ್ಳಗ ಮಾಡಿದ್ದು ಅದನ್ನ ನೋಡ್ರಿ! ನಲ್ಲಿ ನೀರಿನ ಕ್ಲೋರಿನ್ ಇರೂದ ಕ್ರಿಮಿ ಕೊಲ್ಲಾಕ. ಯಾವುದು ಪಾಪದ್ದು ಅಂತ ಅದು ಕೇಳಂಗಿಲ್ಲ. ಆ ನೀಲಿ ಔಷಧ, ಮೆಥಿಲೀನ್ ಬ್ಲೂ, ಅದೂ ಹಂಗ.

ಇನ್ನ ನಿಮ್ಮ ಬೋರ್‌ವೆಲ್ ನೀರು. ಕ್ಷಾರ ಇರತೈತಿ. ಪಿಎಚ್ 7 ಇದ್ದದ್ದು 8 ಆದ್ರ ಅಷ್ಟ ಅಮೋನಿಯಾದಾಗ ಮೀನಿಗೆ ತಾಗೂ ವಿಷದ ಪಾಲು ಹತ್ತಿರಹತ್ತಿರ ಹತ್ತುಪಟ್ಟು. ಬರೇ ಕಾವೇರಿ ನೀರಿನ ಮನಿಯಾಗ ಒದ್ದಾಡಿ ಬದುಕೂ ಮೀನು ನಿಮ್ಮಲ್ಲೆ ಸಾಯತಾವು. ಹಂಗಂತ ಆರ್‌ಒ ಹಾಕಬ್ಯಾಡ್ರಿ, ಅದರಾಗ ಲವಣ ಇರಾಂಗಿಲ್ಲ. ಗಪ್ಪಿಗೆ ಗಡಸು ನೀರ ಬೇಕು. ನಿಮ್ಮ ಸಂಪಿನ ನೀರು ಗಪ್ಪಿಗೆ ಛಲೋನ ಐತಿ, ಕ್ಲೋರಿನ್ ಹೋದ್ರ ಆತು. ಬಕೀಟಿನಾಗ ಒಂದಿನ ತೆರದಿಡ್ರಿ, ಇಲ್ಲಾ ಹೈಪೋ ಹರಳು ಒಂದೆರಡು ಹಾಕ್ರಿ.

ಈಗೇನ್ ಮಾಡೂದು? ಹೊಸ ಮೀನು ಒಂದೂ ತರಬ್ಯಾಡ್ರಿ. ದಿನ ಬಿಟ್ಟು ದಿನ ಕಾಲುಭಾಗ ನೀರಷ್ಟ ಬದಲಿಸ್ರಿ. ಕಾಳು ದಿನಕ್ಕ ಒಂದ ಸಲ, ನಿಮಿಷದಾಗ ಮುಗಿಯೂವಷ್ಟು. ಸ್ಪಂಜು ಕಟ್ಟಿಕೊಂಡಾಗಷ್ಟ, ಟ್ಯಾಂಕಿನಿಂದ ತಗದ ನೀರಾಗ ಎರಡು ಸಲ ಅದ್ದಿ ಹಾಕ್ರಿ. ಹಳೇ ಟ್ಯಾಂಕ್ ಇದ್ದ ಗೆಳತಿ ಇದ್ರ ಅಕಿ ಸ್ಪಂಜಿನ ಒಂದು ತುಂಡು ಕೇಳ್ರಿ. ಹಾಲಿಗೆ ಹೆಪ್ಪು ಹಾಕಿದಂಗ. ಅಮೋನಿಯಾ ಟೆಸ್ಟ್ ಕಿಟ್ ಒಂದು ತರ್ರಿ, ಔಷಧಕ್ಕ ಸುರದ ರೊಕ್ಕದಾಗ ಬರತಿತ್ತು. ಆ ಸಕ್ಕರ್ ವಾಪಸ್ ಕೊಡ್ರಿ, ಒಂದಡಿ ಮೀರಿ ಬೆಳಿತೈತಿ. ಅದು ನೆಕ್ಕೂದು ಕಡಿಮಿ, ಹೇಲೂದು ಜಾಸ್ತಿ.

ಮರಿ ತಿಂದದ್ದು ಅವುಗಳ ತಾಯಂದಿರ ಇರಬೇಕು, ಜೀಬ್ರಾನೂ ಕೈ ಹಾಕಿರತಾವು. ನೀರಾಗ ಬೆಳಿಯೂ ಗಿಡ, ಜಾವಾ ಮಾಸ್ ಒಂದು ಮುಷ್ಟಿ, ಹೈಡ್ರಿಲ್ಲಾ ಒಂದು ಹಿಡಿ ಮ್ಯಾಲ ತೇಲಿಬಿಡ್ರಿ, ಮರಿ ಅಡಕೊಳ್ಳಾಕ. ಗಂಡಿಲ್ಲ ಅಂತ ಚಿಂತಿ ಬ್ಯಾಡ. ಗಪ್ಪಿ ಹೆಣ್ಣು ಗಂಡಿನ ಬೀಜ ಹೊಟ್ಯಾಗ ತಿಂಗಳಗಟ್ಟಲೆ ಕೂಡಿಡತಾವು. ನಾಕ ವಾರಕ್ಕೊಮ್ಮೆ ಹಡಿತಾವು ನೋಡ್ರಿ. ಕೂಸಿಗೆ ಹೇಳ್ರಿ, ಗಪ್ಪಿ ಅನ್ನೂದು ಒಬ್ಬ ಮನಶ್ಯಾನ ಅಡ್ಡಹೆಸರು. ಟ್ರಿನಿಡಾಡಿನಿಂದ ಲಂಡನ್ನಿಗೆ ಈ ಮೀನು ಕಳಿಸಿದಾಂವ, 1866ರಾಗ ಅವನ ಹೆಸರಿಟ್ರು.

ನನ್ನ ಹುಚ್ಚು ಮಾತ್ರ ಜೀಬ್ರಾದ್ದು. ಇದು ನಮ್ಮ ದೇಶದ ಮೀನು. ನಿಮ್ಮ ಊರಿನ ಎನ್‌ಸಿಬಿಎಸ್ ಅನ್ನೂ ಜೀವವಿಜ್ಞಾನ ಸಂಶೋಧನಾ ಲ್ಯಾಬಿನಾಗೂ ಸಾಕತಾರ, ಯಾಕಂದ್ರ ತತ್ತಿ, ಮರಿ ಎರಡೂ ಗಾಜಿನಂಗ. ಇವು ಮರಿ ಹಾಕಂಗಿಲ್ಲ, ತತ್ತಿ ಉದರಸತಾವು, ಕೆಳಗ ಬೀಳೂದರೊಳಗ ತಾವ ನುಂಗತಾವು. ಅದಕ್ಕ ಸಣ್ಣ ಡಬ್ಬಿ ತಳದಾಗ ಎರಡು ಪದರ ಗೋಲಿ ಹಾಸತೀನಿ, ಮೊಮ್ಮಗನ್ನ ಕಡಿಂದ ಸಾಲಾ ತಗೊಂಡು. ಸಂಜಿಗೆ ಒಂದು ದುಂಡು ಹೆಣ್ಣು, ಎರಡು ಗಂಡು ಬಿಟ್ಟು ಟವೆಲ್ ಹೊಚ್ಚತೀನಿ. ಮುಂಜಾನಿ ಬೆಳಕು ಬಿದ್ದ ಅರ್ಧ ತಾಸಿನಾಗ ಓಡಾಟ ಸುರು. ತತ್ತಿ ಗೋಲಿ ಸಂದ್ಯಾಗ ಇಳಿತಾವು, ದೊಡ್ಡವನ್ನ ತಗದುಬಿಡೂದು. ಮರುದಿನ ಭೂತಗನ್ನಡಿ ಹಿಡದ್ರ ತತ್ತಿಯೊಳಗ ಗುಂಡಿಗಿ ಬಡಿಯೂದು ಕಾಣತೈತಿ. ಲ್ಯಾಬಿನಾಗ ಅಷ್ಟು ವರ್ಷ ಇದ್ದೂ ಅಂಥಾದ್ದು ನೋಡಿರಲಿಲ್ಲ ನಾ.

28 ಡಿಗ್ರಿ ಇದ್ರ ಎರಡು ಮೂರು ದಿನಕ್ಕ ಒಡಿತಾವು. ಒಂದೆರಡು ದಿನ ಗಾಜಿಗೆ ಅಂಟಿಕೊಂಡ ಇರತಾವು, ಆವಾಗ ಏನೂ ಹಾಕಬಾರದು. ನಾ ಮೊದಲನೇ ಸಲ ಪ್ರೀತಿ ಹೆಚ್ಚಾಗಿ ಕುದಿಸಿದ ಕೋಳಿ ತತ್ತಿ ಹಳದಿ ಅರ್ಧ ಚಮಚ ಕದಡಿ ಹಾಕಿದೆ. ಮುಂಜಾನಿ ನೀರು ಮಜ್ಜಿಗಿ, ಮರಿ ಎಲ್ಲಾ ಸತ್ತಿದ್ದುವು. ಈಗ ಒಣಾ ಬಾಳಿ ಎಲಿ ವಾರಗಟ್ಟಲೆ ನೆನಸಿಟ್ಟ ಬಾಟ್ಲಿ ನೀರು ಹನಿ ಹನಿ ಬಿಡತೀನಿ. ಅದರಾಗ ಹುಟ್ಟೂ ಸೂಕ್ಷ್ಮಜೀವಿ ಅವಕ್ಕ ಊಟ. ಆಮ್ಯಾಲ ಆರ್ಟೀಮಿಯಾ ಅನ್ನೂ ಉಪ್ಪುನೀರಿನ ಸಣ್ಣ ಸಿಗಡಿ ಮರಿ.

ಕಟಪಾಡಿ ಬಾವಿ:

ಗೋಲಿಯವರು ಹೇಳಿದ್ದು ಸರಿ, ಆದರೆ ಊರು ನೋಡಿ ಮಾಡಬೇಕು ಮಾರಾಯ್ರೆ. ನಮ್ಮಲ್ಲಿ ಬಾವಿ ನೀರು ಮುರಕಲ್ಲಿನದ್ದು, ಮೆದು, ಸ್ವಲ್ಪ ಹುಳಿ. ಇಲ್ಲಿ ಗಪ್ಪಿ ರೆಕ್ಕೆ ಮುಚ್ಚಿಕೊಂಡು ಒಂದೇ ಕಡೆ ನಡುಗುತ್ತಾ ನಿಲ್ಲುತ್ತಿದ್ದವು. ಮರುವಾಯಿ ಎಂಬ ಚಿಪ್ಪುಮೀನಿನ ಸುಕ್ಕ ಮಾಡಿದ ದಿನದ ಚಿಪ್ಪು ಉಂಟಲ್ಲ, ಅದನ್ನು ಕುದಿಸಿ, ಒಣಗಿಸಿ, ಹುಡಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನ ಬುಡದಲ್ಲಿಟ್ಟೆ. ಹದಿನೈದು ದಿನದಲ್ಲಿ ಈಜಾಡಿದವು. ಬೆಂಗಳೂರಿನವರು ಇದನ್ನು ಮಾಡಬೇಡಿ, ನಿಮ್ಮ ನೀರಲ್ಲಿ ಈಗಲೇ ಸುಣ್ಣ ಉಂಟು.

ಸಕ್ಕರನ್ನು ಅಂಗಡಿಯವ ವಾಪಸ್ ತೆಗೆದುಕೊಳ್ಳದಿದ್ದರೆ ದಯವಿಟ್ಟು ಕೆರೆಗೆ ಬಿಡಬೇಡಿ. ಹೊಳೆಯಲ್ಲಿ ಬಲೆ ಹಾಕಿದರೆ ಅದೇ ಬರುತ್ತದೆ ಈಗ, ಮುಳ್ಳು ಸಿಕ್ಕಿ ಬಲೆ ಹರಿಯುತ್ತದೆ. ಗಪ್ಪಿಯದ್ದೂ ಅದೇ ಕಥೆ. ಸೊಳ್ಳೆಗೆಂದು ಆರೋಗ್ಯ ಇಲಾಖೆಯವರು ಬಾವಿಗೆ ಬಿಡುವುದು ಬೇರೆ, ನಾವು ಹೆಚ್ಚಾದದ್ದನ್ನು ತೋಡಿಗೆ ಸುರಿಯುವುದು ಬೇರೆ.

ಎರಡನೇ ಮಹಡಿ, ವಿದ್ಯಾರಣ್ಯಪುರ:

ಆರು ವಾರ ಆಯ್ತು, ಹೇಳಿಹೋಗೋಣ ಅಂತ ಬಂದೆ. ಆಫೀಸಿನ ಗೆಳತಿ ಸ್ಪಂಜಿನ ತುಂಡು ಕೊಟ್ಟಳು, ಮೆಟ್ರೋದಲ್ಲಿ ಟಿಫಿನ್ ಡಬ್ಬಿಯಲ್ಲಿ ತಂದೆ, ಪಕ್ಕದವರು ಮೂಗು ಮುಚ್ಚಿಕೊಂಡ್ರು. ಮೊದಲ ಟೆಸ್ಟ್‌ನಲ್ಲಿ ಟ್ಯೂಬ್ ಕಡು ಹಸಿರು, ಅಂದ್ರೆ ಅಮೋನಿಯಾ ಜಾಸ್ತಿ. ಈಗ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ಆಮೇಲೆ ಒಂದೂ ಸತ್ತಿಲ್ಲ. ಗಾಜಿನ ಮೇಲೆ ಹಸಿರು ಕಟ್ಟಿದೆ, ಕೈ ತುರಿಸುತ್ತೆ, ಸುಮ್ಮನಿದ್ದೀನಿ.

ಗಂಡಿಲ್ಲದೆ ಮರಿ ಬಂದವು! ಮಾಸ್ ಒಳಗೆ ಮಗಳು ಎಣಿಸಿದ್ದು 17, ನಾನು ಎಣಿಸಿದ್ದು 14. ಇವು ಬೆಳೆದು ಟ್ಯಾಂಕ್ ತುಂಬಿಬಿಟ್ರೆ?

ಸಪ್ತಾಪುರದ ಗೋಲಿ:

ತುಂಬತಾವು. ತಿಂಗಳ ಹೊತ್ತಿಗೆ ಹೊಟ್ಟಿ ಕೆಳಗಿನ ರೆಕ್ಕಿ ನೋಡ್ರಿ: ಬೀಸಣಿಗಿಯಂಗ ಇದ್ರ ಹೆಣ್ಣು, ಕಡ್ಡಿಯಂಗ ಸಣ್ಣಾದ್ರ ಗಂಡು. ಕಡ್ಡಿ ಕಂಡ ದಿನಾನ ಗಂಡನ್ನ ಬ್ಯಾರೆ ಡಬ್ಬಿಗೆ ಹಾಕ್ರಿ, ಒಂದ ದಿನ ತಡಾ ಮಾಡಬ್ಯಾಡ್ರಿ. ಮತ್ತ ಎಣಿಸೂದರಾಗ ಕೂಸಿನ ಲೆಕ್ಕಾನ ಖರೇ ಇರತೈತಿ.